ರಕ್ಷಿತಾಳ ಮದುವೆಗಾಗಿ ಬರೆದ ಎರಡು ಕಾಗದಗಳು

ಕೋವಿಡ್ ಕಳೆದು ಊರಿನಲ್ಲಿ ಮತ್ತೆ ಸ್ಟೇಜು, ಮೈಕು, ಫ್ಲೆಕ್ಸುಗಳ ಗದ್ದಲ ಶುರುವಾಗಿ ಎರಡನೆಯ ವರ್ಷ. ಆಗ ನಾನು ಮಂಗಳೂರಿನ ಫಳ್ನೀರಿನಲ್ಲಿದ್ದ ಒಂದು ಜಾಹೀರಾತು ಏಜೆನ್ಸಿಯಲ್ಲಿ ಸ್ಪಾನ್ಸರ್‌ಶಿಪ್ ಮ್ಯಾನೇಜರ್ ಆಗಿದ್ದೆ. ಹುದ್ದೆಯ ಹೆಸರು ಕೇಳಿ ದೊಡ್ಡದೇನೋ ಎಂದುಕೊಳ್ಳಬೇಡಿ. ಕ್ಲಿನಿಕ್ಕೊಂದರ ಮೇಲಿನ ಎರಡನೇ ಮಹಡಿ, ನಾಲ್ಕು ಮೇಜು, ಆಗಾಗ ಮುನಿಸಿಕೊಳ್ಳುವ ಒಂದು ಪ್ರಿಂಟರ್, ಮಾಲೀಕರಾದ ಕಾಮತರೂ ನಾನೂ ಸೇರಿ ಐದು ಜನ. ಆ ಮಹಡಿಯ ಮೆಟ್ಟಿಲನ್ನು ನಾನು ಇಪ್ಪತ್ತಾರು ವರ್ಷ ಹತ್ತಿ ಇಳಿದಿದ್ದೆ. ನಿವೃತ್ತಿಗೆ ಇನ್ನು ಎರಡು ವರ್ಷ ಬಾಕಿಯಿತ್ತು.

ನನ್ನ ಕೆಲಸ ಎರಡು ಬಗೆಯದು. ಮೊದಲನೆಯದು ಕಾರ್ಯಕ್ರಮಗಳಿಗೆ ಪ್ರಾಯೋಜಕರನ್ನು ಹುಡುಕುವುದು. ನಮ್ಮೂರಿನಲ್ಲಿ ಅಂಡರ್ ಆರ್ಮ್ ಕ್ರಿಕೆಟ್ಟಿನಿಂದ ಹಿಡಿದು ಶಾಲೆಯ ವಾರ್ಷಿಕೋತ್ಸವದವರೆಗೆ ಯಾವುದೂ ಸ್ಪಾನ್ಸರ್ ಇಲ್ಲದೆ ನಡೆಯುವುದಿಲ್ಲ. ಟೈಟಲ್ ಸ್ಪಾನ್ಸರ್ ಎಂದರೆ ಕಾರ್ಯಕ್ರಮದ ಹೆಸರಿಗೇ ತನ್ನ ಹೆಸರು ಅಂಟಿಸಿಕೊಳ್ಳುವವನು. ‘ಇನ್ ಕೈಂಡ್’ ಎಂದರೆ ನಗದು ಕೊಡದೆ ವಸ್ತುವನ್ನೋ ಸೇವೆಯನ್ನೋ ಕೊಡುವವನು. ಶಾಮಿಯಾನದವನು ಶಾಮಿಯಾನ ಹಾಕಿಕೊಟ್ಟು ಬ್ಯಾನರ್ ಕಟ್ಟಿಕೊಳ್ಳುತ್ತಾನೆ. ಎರಡನೆಯ ಕೆಲಸ ಮನವಿ ಬರೆಯುವುದು. ಕಾಯಿಲೆ ಬಿದ್ದ ಕಲಾವಿದರಿಗೆ, ಸೋರುವ ಶಾಲೆಗೆ, ಆಪರೇಷನ್ ಆಗಬೇಕಾದ ಮಗುವಿಗೆ ಉಳ್ಳವರಿಂದ ನೆರವು ಕೇಳುವ ಕಾಗದಗಳವು. ಅದರಲ್ಲಿ ನನ್ನ ಕೈ ಪಳಗಿತ್ತು. ನನ್ನ ಮನವಿ ಓದಿದರೆ ಕಲ್ಲಿನಂಥ ಸೇಠನಿಗೂ ಕಣ್ಣು ಒದ್ದೆಯಾಗುತ್ತದೆ ಎಂದು ಕಾಮತರು ಬಂದವರೆದುರೆಲ್ಲ ಹೇಳುತ್ತಿದ್ದರು. ನಾನೂ ಅದನ್ನು ಕೇಳಿ ಉಬ್ಬುತ್ತಿದ್ದೆ.

ಜನವರಿಯ ಒಂದು ಸೋಮವಾರ ಬೆಳಿಗ್ಗೆ ರಕ್ಷಿತಾ ಬಂದಳು. ಅವಳು ನನಗೆ ಹೊಸಬಳಲ್ಲ. ಬೆಂಗ್ರೆಯ ಹುಡುಗಿ, ನಗರದಿಂದ ಫೆರಿ ಹತ್ತಿ ನದಿ ದಾಟಿದರೆ ಸಿಗುವ ಮೀನುಗಾರರ ಊರು ಅದು. ಎಂಟು ವರ್ಷಗಳಿಂದ ಪಂದ್ಯಾಟಗಳಲ್ಲಿ ತುಳು, ಕನ್ನಡ ಎರಡನ್ನೂ ಬೆರೆಸಿ ಕಮೆಂಟರಿ ಹೇಳುತ್ತಿದ್ದಳು. ಗಂಡಸರೇ ತುಂಬಿದ್ದ ಆ ಮೈಕಿನ ಮುಂದೆ ಜಾಗ ಮಾಡಿಕೊಂಡವಳು. ಓವರಿನ ನಡುವೆ ಓದಬೇಕಾದ ಸ್ಪಾನ್ಸರ್ ಚೀಟಿಗಳನ್ನು ಅವಳಿಗೆ ಕಳಿಸುತ್ತಿದ್ದವಳು ನಾನೇ.

ಕುರ್ಚಿ ಎಳೆದು ಕುಳಿತವಳೇ ಹೇಳಿದಳು: “ವಿಜಯಕ್ಕ, ನನ್ನ ಮದುವೆ. ಸ್ಪಾನ್ಸರ್ ಬೇಕು.”

“ತಮಾಷೆ ಮಾಡ್ಬೇಡ ಮಾರಾಯ್ತಿ, ನನಗೆ ರಾಶಿ ಕೆಲಸ ಉಂಟು.”

“ತಮಾಷೆ ಅಲ್ಲ ಅಕ್ಕ. ಎಂಟು ವರ್ಷ ಬೇರೆಯವರ ಸ್ಪಾನ್ಸರ್‌ಗಳ ಹೆಸರು ಕೂಗಿ ಗಂಟಲು ಹೋಗಿದೆ. ಒಂದು ದಿನ ನನ್ನ ಸ್ಪಾನ್ಸರ್‌ಗಳ ಹೆಸರು ಕೂಗುವ ಅಂತ.”

ನನಗೆ ನಗು ಬಂತು. ಮರುಕ್ಷಣ ಸಿಟ್ಟೂ ಬಂತು. ಮದುವೆಯೆಂದರೆ ಎಂತ, ಟೂರ್ನಮೆಂಟಾ ಎಂದು ಗದರಿದೆ. ಅವಳು ಬಗ್ಗಲಿಲ್ಲ, ವಿಷಯ ಬಿಡಿಸಿ ಹೇಳಿದಳು. ಹುಡುಗ ಪ್ರಶಾಂತ, ಸುರತ್ಕಲ್ ಕಡೆಯವನು, ಕತಾರ್‌ನಲ್ಲಿ ಕ್ರೇನ್ ಆಪರೇಟರ್. ಇವರದು ಕಡಲಿನ ಮನೆತನ, ಅವರದು ಗದ್ದೆಯ ಮನೆತನ. ಎರಡೂ ಕಡೆಯವರನ್ನು ಒಪ್ಪಿಸಲು ಐದು ವರ್ಷ ಹಿಡಿದಿತ್ತು. ಹುಡುಗನ ರಜೆ ನಲವತ್ತೇ ದಿನ, ಆದ್ದರಿಂದ ಫೆಬ್ರವರಿಯ ಮುಹೂರ್ತ ಮುಂದೆ ಹೋಗುವಂತಿಲ್ಲ. ಗಂಡಿನ ತಾಯಿ ದೊಡ್ಡ ಹಾಲ್ ಆಗಬೇಕು ಎಂದಿದ್ದರು. ಬರುವ ಜನ ಸಾವಿರದ ಇನ್ನೂರು. ರಕ್ಷಿತಾಳ ತಂದೆ ವಾಮನಣ್ಣ ಟ್ರಾಲ್ ಬೋಟಿನ ತಾಂಡೇಲ, ಅಂದರೆ ಬೋಟನ್ನು ನಡೆಸುವ ಮುಖ್ಯಸ್ಥ. ಮೂವತ್ತು ವರ್ಷ ದುಡಿದು ಆ ಬೋಟಿನಲ್ಲಿ ಒಂದು ಪಾಲು ಮಾಡಿಕೊಂಡಿದ್ದರು. ಮದುವೆಗಾಗಿ ಅದನ್ನು ಮಾರುತ್ತೇನೆ ಎಂದು ಹೊರಟಿದ್ದರು.

“ಪಾಲು ಮಾರಿದ್ರೆ ಪಪ್ಪ ನಾಳೆಯಿಂದ ಅದೇ ಬೋಟಿನಲ್ಲಿ ಸಂಬಳದ ಆಳು. ಅದು ಆಗ್ಲಿಕ್ಕಿಲ್ಲ. ಹಾಗಂತ ಯಾರ ಹತ್ರ ಕೈ ಚಾಚ್ಲಿಕ್ಕೂ ಇಲ್ಲ. ದಾನ ಬೇಡ ಅಕ್ಕ, ಜಾಗ ಮಾರುವ. ಸಾವಿರದ ಇನ್ನೂರು ಜನ ಅಂದ್ರೆ ಒಂದು ಸೆಮಿಫೈನಲ್‌ನ ಕ್ರೌಡ್ ಅಲ್ವಾ?”

ಆಮೇಲೆ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟಳು. ಎಡಗಡೆ ಮಾರಾಟಕ್ಕಿರುವುದು: ಪಾರ್ಕಿಂಗ್‌ನ ಕಮಾನು, ಬೆಂಗ್ರೆಯ ನೆಂಟರನ್ನು ಕರೆತರುವ ಫೆರಿಯ ಬದಿ, ಜ್ಯೂಸ್ ಕೌಂಟರ್, ಫೋಟೋ ತೆಗೆಸಿಕೊಳ್ಳುವ ಪರದೆ, ಅವಳ ಇನ್‌ಸ್ಟಾಗ್ರಾಂ ವಿಡಿಯೋ. ಬಲಗಡೆ ಮಾರಾಟಕ್ಕಿಲ್ಲದ್ದು: ಧಾರೆಯ ಮಂಟಪ, ತಾಳಿ, ಊಟದ ಎಲೆ, ಪಪ್ಪ, ಮಮ್ಮಿ. ಆ ಬಲಗಡೆಯನ್ನು ಓದಿದ ಮೇಲೆ ನನ್ನ ನಗು ನಿಂತಿತು. ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಸಂಘಟಕರನ್ನು ನೋಡಿದ್ದೆ, ಏನನ್ನು ಮಾರುವುದಿಲ್ಲ ಎಂದು ಬರೆದು ತಂದವರು ಒಬ್ಬರೂ ಇರಲಿಲ್ಲ. ಒಪ್ಪಿಕೊಂಡೆ.

ತಪ್ಪು ನಡೆದದ್ದು ಅದೇ ವಾರ, ಮಾಡಿದವಳು ನಾನು. ನಲವತ್ತು ಅಂಗಡಿ, ಕಂಪನಿಗಳಿಗೆ ಕಾಗದ ಹೋಗಬೇಕಿತ್ತು. ಸಮಯ ಕಡಿಮೆ. ಕಂಪ್ಯೂಟರಿನಲ್ಲಿ ನನ್ನ ಹಳೆಯ ಮನವಿಗಳ ಮಾದರಿ ಸಿದ್ಧವಿತ್ತು. ಅದನ್ನೇ ತೆರೆದು ಹೆಸರು, ಊರು ಬದಲಿಸಿದೆ. ‘ಕಡಲನ್ನೇ ನಂಬಿ ಬದುಕುವ ಬಡ ಮೀನುಗಾರ ಕುಟುಂಬವೊಂದರ ಹೆಣ್ಣುಮಗಳ ವಿವಾಹಕ್ಕೆ ತಾವು ತನು ಮನ ಧನಗಳಿಂದ ಸಹಕರಿಸಿ, ಆ ಅಸಹಾಯಕ ತಂದೆಯ ಭಾರವನ್ನು ಇಳಿಸಬೇಕಾಗಿ ವಿನಂತಿ’ ಎಂದು ಶುರುವಾಗುತ್ತಿತ್ತು ಅದು. ಆಮೇಲೆ ಎರಡನೇ ಪುಟದಲ್ಲಿ ರಕ್ಷಿತಾಳ ಪಟ್ಟಿ. ಕೈತಪ್ಪಿ ಹೋದದ್ದೆಂದು ಹೇಳಿ ಜಾರಿಕೊಳ್ಳಲಾರೆ. ನಾನು ಬೇಕೆಂದೇ ಹಾಗೆ ಬರೆದೆ. ಮೊದಲ ಸಾಲಿನಲ್ಲಿ ‘ಬಡ’ ಇಲ್ಲದಿದ್ದರೆ ನಮ್ಮೂರಿನ ದೊಡ್ಡವರು ಎರಡನೇ ಸಾಲು ಓದುವುದಿಲ್ಲ ಎಂಬುದು ನನ್ನ ಅನುಭವವಾಗಿತ್ತು. ಕಳಿಸುವ ಮೊದಲು ರಕ್ಷಿತಾಳಿಗೆ ತೋರಿಸಲೂ ಇಲ್ಲ. ಯಾವ ಮನವಿಯನ್ನೂ ಯಾರಿಗೂ ತೋರಿಸುವ ಪದ್ಧತಿ ನನ್ನಲ್ಲಿ ಇರಲಿಲ್ಲ.

ಕಾಗದ ಫಲ ಕೊಟ್ಟಿತು. ಹತ್ತೇ ದಿನದಲ್ಲಿ ಹದಿನೈದು ಮಂದಿ ಒಪ್ಪಿದರು. ಅವರಲ್ಲಿ ದೊಡ್ಡವರು ಒಬ್ಬ ಬಿಲ್ಡರ್. ಅಪಾರ್ಟ್‌ಮೆಂಟ್ ಕಟ್ಟಿಸುವವರು, ಸ್ವಂತ ಕನ್ವೆನ್ಷನ್ ಹಾಲ್ ಇದ್ದವರು, ನಮ್ಮ ಏಜೆನ್ಸಿಗೆ ವರ್ಷವಿಡೀ ಜಾಹೀರಾತು ಕೊಡುವವರು. ಹಾಲ್ ಮತ್ತು ಮಧ್ಯಾಹ್ನದ ಊಟ ಎರಡೂ ತಮ್ಮದು ಎಂದರು. ರಕ್ಷಿತಾ ಫೋನಿನಲ್ಲೇ ಕಿರುಚಿದಳು, ವಿಕೆಟ್ ಬಿದ್ದಾಗ ಕಿರುಚುವ ಹಾಗೆಯೇ. ಕಾಮತರು ನಮಗೆಲ್ಲ ಗಡ್‌ಬಡ್ ಐಸ್‌ಕ್ರೀಮ್ ತರಿಸಿದರು. ಎಲ್ಲ ಇಷ್ಟು ಸಲೀಸಾಗಿ ನಡೆದದ್ದರಲ್ಲೇ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ.

ಮದುವೆಗೆ ಹನ್ನೊಂದು ದಿನ ಇರುವಾಗ, ಬೆಳಿಗ್ಗೆ ಹತ್ತೂವರೆಗೆ, ಕಚೇರಿಯ ಬಾಗಿಲಿನಲ್ಲಿ ರಕ್ಷಿತಾ ಮತ್ತು ಅವಳ ತಂದೆ ನಿಂತಿದ್ದರು. ವಾಮನಣ್ಣನನ್ನು ನಾನು ನೋಡಿದ್ದು ಅದೇ ಮೊದಲು. ಐವತ್ತೆಂಟರ ಆಸುಪಾಸು, ಬಿಸಿಲಿಗೆ ಕಪ್ಪಾದ ಮೈ, ಮೀನಿನ ವಾಸನೆ ಇನ್ನೂ ಆರದ ಅಂಗಿ. ಹತ್ತು ದಿನ ಕಡಲಿನಲ್ಲಿದ್ದು ಅಂದು ಬೆಳಿಗ್ಗೆಯಷ್ಟೇ ದಕ್ಕೆಗೆ ಬಂದಿದ್ದರು. ದಕ್ಕೆ ಎಂದರೆ ಬೋಟುಗಳು ಮೀನು ಇಳಿಸುವ ಬಂದರು. ಕಂಕುಳಿನಲ್ಲಿ ಸುತ್ತಿದ ಒಂದು ಫ್ಲೆಕ್ಸ್ ಇತ್ತು. ಅದನ್ನು ನನ್ನ ಮೇಜಿನ ಮೇಲೆ ಬಿಡಿಸಿದರು.

ಮುಕ್ಕಾಲು ಭಾಗ ಕೈಮುಗಿದ ಬಿಲ್ಡರ್. ಮೇಲೆ ದೊಡ್ಡ ಅಕ್ಷರದಲ್ಲಿ ‘ಬಡ ಮೀನುಗಾರನ ಮಗಳ ಬಾಳಿಗೆ ಬೆಳಕಾದ ಮಹಾದಾನಿ’. ಕೆಳಗೆ ಮೂಲೆಯಲ್ಲಿ ರಕ್ಷಿತಾಳ ಪುಟ್ಟ ಫೋಟೋ. ಯಾವುದೋ ಪಂದ್ಯದಲ್ಲಿ ಕಮೆಂಟರಿ ಹೇಳುವಾಗ ತೆಗೆದದ್ದು. ಕತ್ತರಿಸುವಾಗ ಮೈಕು ಹೋಗಿಬಿಟ್ಟಿತ್ತು, ಕೈ ಮಾತ್ರ ಮುಂದೆ ಚಾಚಿಕೊಂಡು ಉಳಿದಿತ್ತು. ಅವಳಿಗೂ ನಮಗೂ ತಿಳಿಸದೆ ಬಿಲ್ಡರ್ ಕಡೆಯವರು ಅದನ್ನು ಅಚ್ಚು ಹಾಕಿಸಿ, ಸಾವಿರಾರು ಮೀನುಗಾರರು ಓಡಾಡುವ ದಕ್ಕೆಯ ಗೇಟಿಗೆ ಕಟ್ಟಿದ್ದರು. ವಾಮನಣ್ಣ ಬೋಟಿನಿಂದ ಇಳಿದು ಬಂದು, ತಮ್ಮ ಕೈಕೆಳಗಿನ ಹುಡುಗರ ಎದುರಿಗೇ ಅದನ್ನು ನೋಡಿದ್ದರು. ಬಲೆ ಕೊಯ್ಯುವ ಚೂರಿಯಿಂದ ಹಗ್ಗ ಕತ್ತರಿಸಿ ಕೆಳಗಿಳಿಸಿದ್ದೂ ಅವರೇ.

ನಾನು ಬಿಲ್ಡರ್ ಕಡೆಯ ಪ್ರಚಾರದ ಹುಡುಗನಿಗೆ ಫೋನ್ ಹಚ್ಚಿ ಕೂಗಾಡಿದೆ. ಅವನು ಶಾಂತವಾಗಿ ಹೇಳಿದ: “ಮೇಡಂ, ನಾವೆಂತ ಹೊಸತಾಗಿ ಬರೆದದ್ದಲ್ಲ. ನಿಮ್ಮ ಲೆಟರ್‌ನಲ್ಲೇ ಉಂಟಲ್ಲ?” ಫೋನಿನ ಸ್ಪೀಕರ್ ಆನ್ ಇತ್ತು.

ರಕ್ಷಿತಾ ನನ್ನ ಮುಖವನ್ನೇ ನೋಡಿದಳು. “ಯಾವ ಲೆಟರ್ ಅಕ್ಕ?”

ಡ್ರಾಯರಿನಿಂದ ಪ್ರತಿ ತೆಗೆದುಕೊಟ್ಟೆ. ಅವಳು ಓದಲು ಹೊರಟಾಗ ವಾಮನಣ್ಣ ಕೈ ಅಡ್ಡ ಹಿಡಿದು, ಕಾಗದವನ್ನು ನನ್ನ ಕಡೆಗೇ ತಿರುಗಿಸಿದರು. ನನಗೆ ತುಳು ಬರುತ್ತದೆಂದು ಮಗಳಿಂದ ಗೊತ್ತಿದ್ದೂ, ಕಚೇರಿಯೆಂಬ ಕಾರಣಕ್ಕೋ ಏನೋ, ಅವರು ಕನ್ನಡದಲ್ಲೇ ಮಾತಾಡಿದರು: “ನನ್ನ ಕನ್ನಡಕ ಬೋಟಿನಲ್ಲಿ ಉಂಟು. ಬರೆದದ್ದು ನೀವು ಅಲ್ವಾ ಮೇಡಂ? ನೀವೇ ಓದಿ.”

ಓದತೊಡಗಿದೆ. ‘ಕಡಲನ್ನೇ ನಂಬಿ ಬದುಕುವ’ ಎಂಬಲ್ಲಿಯವರೆಗೆ ಸರಿಯಾಗಿ ಹೋಯಿತು. ‘ಬಡ’ ಎಂಬಲ್ಲಿ ಸ್ವರ ತಗ್ಗಿತು. ‘ಅಸಹಾಯಕ ತಂದೆ’ ಎಂಬ ಜಾಗಕ್ಕೆ ಬಂದಾಗ ತಲೆಯೆತ್ತಿದೆ. ಎದುರಿಗೆ ಆ ತಂದೆ ಕುಳಿತಿದ್ದರು. ಮೂವತ್ತು ವರ್ಷ ಗಾಳಿ, ಮಳೆ, ಅಲೆ ನೋಡಿ ಏಳೆಂಟು ಮಂದಿಯನ್ನು ಪ್ರತಿಸಲವೂ ಜೀವಸಹಿತ ದಡ ಮುಟ್ಟಿಸಿದ ಮನುಷ್ಯ. ಅವರ ಅಂಗಿಯ ಜೇಬಿನಲ್ಲಿ ಕನ್ನಡಕದ ಡಬ್ಬಿ ಎದ್ದು ಕಾಣುತ್ತಿತ್ತು. ಕಾಗದವನ್ನು ಮೇಜಿನ ಮೇಲಿಟ್ಟೆ. ನಾಚಿಕೆಯಾಯಿತು. ಕೆಲಸದ ಜಾಗದಲ್ಲಿ ಅಷ್ಟು ನಾಚಿಕೆ ನನಗೆ ಅದಕ್ಕಿಂತ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

ವಾಮನಣ್ಣ ಬೈಯಲಿಲ್ಲ. “ದುಡ್ಡು ಕಡಿಮೆ ಉಂಟು ಅಂತ ಬರೆದಿದ್ರೆ ಬೇಜಾರಿಲ್ಲ ಮೇಡಂ, ಅದು ಸತ್ಯ. ಅಸಹಾಯಕ ಅಂತ ಯಾರು ಹೇಳಿದ್ದು ನಿಮಗೆ?” ಎಂದಷ್ಟೇ ಕೇಳಿದರು. ತಪ್ಪು ನನ್ನದು ಎಂದೆ. ಬೋಟಿನ ಪಾಲನ್ನು ಮಾರಿಬಿಡುತ್ತೇನೆ, ಈ ರಗಳೆಯೇ ಬೇಡ ಎಂದು ಅವರು ಎದ್ದು ನಿಂತರು. ರಕ್ಷಿತಾ ಅವರನ್ನು ತೋಳು ಹಿಡಿದು ಕೂರಿಸಿದಳು. ನನ್ನ ಮೇಲೆ ಅವಳಿಗೆ ಕೆಂಡದಂಥ ಸಿಟ್ಟಿತ್ತು, ಆದರೂ ಅಳಲಿಲ್ಲ.

“ಪಾಲು ಮಾರ್ಲಿಕ್ಕಿಲ್ಲ ಪಪ್ಪ. ಈ ಹಾಲ್ ಕೂಡ ಬೇಡ. ವಿಜಯಕ್ಕ, ಬ್ಯಾಗ್ ತಗೊಳ್ಳಿ. ನೀವು ಬರೆದದ್ದು, ನೀವೇ ಬಂದು ವಾಪಸ್ ತಗೊಳ್ಬೇಕು.”

ಮಧ್ಯಾಹ್ನದ ಮೊದಲೇ ನಾವಿಬ್ಬರೂ ಬಿಲ್ಡರ್ ಆಫೀಸಿನಲ್ಲಿದ್ದೆವು. ಅವರು ದುಷ್ಟರೇನಲ್ಲ. ಟೀ ತರಿಸಿದರು. ಫ್ಲೆಕ್ಸಿನಿಂದ ಬೇಸರವಾಯಿತೆಂದರೆ ಅವರಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಧಾರೆಯ ಹೊತ್ತಿಗೆ ಸ್ಟೇಜಿನಲ್ಲಿ ಪತ್ರಕರ್ತರೆದುರು ಸೀರೆ, ತಾಳಿಯನ್ನು ತಾವೇ ವಾಮನಣ್ಣನ ಕೈಗೆ ಕೊಡುವ ಏರ್ಪಾಡು ಬೇರೆ ಮಾಡಿಕೊಂಡಿದ್ದರು. ಮಂಟಪ ಮಾರಾಟಕ್ಕಿಲ್ಲ ಎಂದು ಎರಡನೇ ಪುಟದಲ್ಲಿ ಬರೆದಿತ್ತಲ್ಲ ಎಂದರೆ, ಎರಡನೇ ಪುಟ ತಾವು ನೋಡಲಿಲ್ಲ ಎಂದರು.

“ಇಷ್ಟು ಮಾಡುವಾಗ ನನ್ನದೊಂದು ಫೋಟೋ ಬೇಡ್ವಾ? ಅದೂ ಆಗುವುದಿಲ್ಲ ಅಂದ್ರೆ ಹಾಲ್ ಸಿಗ್ಲಿಕ್ಕಿಲ್ಲ” ಎಂದರು ಕೊನೆಗೆ.

ರಕ್ಷಿತಾ ಎದ್ದಳು. ಬ್ಯಾಗಿನಿಂದ ಆಮಂತ್ರಣ ಪತ್ರಿಕೆ ತೆಗೆದು, ಹಾಲಿನ ಹೆಸರಿನ ಮೇಲೆ ಪೆನ್ನಿನಿಂದ ಗೀಟು ಎಳೆದು, ಎರಡೂ ಕೈಯಿಂದ ಕೊಟ್ಟಳು. “ಆಯಿತು ಸರ್. ಮದುವೆಗೆ ಬನ್ನಿ. ಜಾಗ ಎಲ್ಲಿ ಅಂತ ಆಮೇಲೆ ಮೆಸೇಜ್ ಮಾಡ್ತೇನೆ.”

ಹನ್ನೊಂದು ದಿನದಲ್ಲಿ ನಗರದಲ್ಲಿ ಯಾವ ಹಾಲೂ ಖಾಲಿ ಇರುವುದಿಲ್ಲವೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ನಾವು ಫಳ್ನೀರು ತಲುಪುವ ಮೊದಲೇ ಬಿಲ್ಡರ್ ಫೋನು ಕಾಮತರಿಗೆ ತಲುಪಿತ್ತು. “ವಿಜಯಾ, ನಿಮಗೆ ತಲೆ ಸರಿ ಉಂಟಾ? ನಮ್ಮ ದೊಡ್ಡ ಕ್ಲೈಂಟ್ ಮಾರ್ರೆ ಅವರು. ಕೂಡಲೇ ಸಾರಿ ಕೇಳಿ” ಎಂದರು. ನಾನು ಕೇಳುವುದಿಲ್ಲ ಎಂದೆ. ಸಾರಿ ಕೇಳಬೇಕಾದವರಲ್ಲಿ ಬೆಳಿಗ್ಗೆಯೇ ಕೇಳಿಯಾಗಿದೆ, ಬೇಕಾದರೆ ಆ ಕ್ಲೈಂಟನ್ನು ಇಟ್ಟುಕೊಂಡು ನನ್ನನ್ನು ಬಿಡಿ ಎಂದೆ. ಇಪ್ಪತ್ತಾರು ವರ್ಷದಲ್ಲಿ ನಾನು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ನನ್ನನ್ನು ಬಿಡಲಿಲ್ಲ, ಆದರೆ ಏಜೆನ್ಸಿಯ ಲೆಟರ್‌ಹೆಡ್ಡನ್ನು ಈ ಮದುವೆಗೆ ಬಳಸಕೂಡದು ಎಂದು ಕಡ್ಡಿ ಮುರಿದಂತೆ ಹೇಳಿದರು. ನಾನು ಎರಡು ವಾರ ರಜೆ ಹಾಕಿದೆ.

ಆ ಸಂಜೆ ಫೆರಿ ಹತ್ತಿ ಬೆಂಗ್ರೆಗೆ ಹೋದೆ. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಬಿಳಿ ಹಾಳೆಯ ಮೇಲೆ ಎರಡನೆಯ ಕಾಗದ ಬರೆದೆವು. ಒಂದೊಂದು ಸಾಲನ್ನೂ ನಾನು ಗಟ್ಟಿಯಾಗಿ ಓದುವುದು, ವಾಮನಣ್ಣ ಆಗಬಹುದು ಎಂದ ಮೇಲೆ ಮುಂದಿನ ಸಾಲು. ಈಗ ಅವರು ಕನ್ನಡಕ ಹಾಕಿಕೊಂಡಿದ್ದರು. ‘ನಮ್ಮ ಮಗಳ ಮದುವೆಗೆ ಜನ ಬರುತ್ತಾರೆ. ಅವರ ಕಣ್ಣಿಗೆ ಬೀಳುವ ಕಡೆ ನಿಮ್ಮ ಹೆಸರು ಹಾಕಲು ಜಾಗ ಉಂಟು. ಬೆಲೆ ಕೆಳಗೆ ಬರೆದಿದೆ. ಮಂಟಪದ ಹತ್ತಿರ ಯಾವ ಹೆಸರೂ ಇರುವುದಿಲ್ಲ. ಸ್ಟೇಜಿನಲ್ಲಿ ಕೊಡುವುದು, ತೆಗೆದುಕೊಳ್ಳುವುದು ಇಲ್ಲ. ನೆರವು, ದಾನ ಎಂಬ ಮಾತನ್ನು ಎಲ್ಲಿಯೂ ಹಾಕಬಾರದು. ನಿಮಗೆ ವ್ಯಾಪಾರ ಆಗುತ್ತದೆ ಎಂದು ಅನಿಸಿದರೆ ಮಾತ್ರ ತೆಗೆದುಕೊಳ್ಳಿ.’ ಕೆಳಗೆ ತಂದೆ, ಮಗಳು ಇಬ್ಬರೂ ಸಹಿ ಹಾಕಿದರು. ಮದುವೆ ಅಲ್ಲೇ, ಬೆಂಗ್ರೆಯ ಮೈದಾನದಲ್ಲಿ ಎಂದೂ ಅಂದೇ ತೀರ್ಮಾನವಾಯಿತು.

ಹಾಲ್ ಇಲ್ಲವೆಂದು ಸುರತ್ಕಲ್‌ಗೆ ತಿಳಿಸುವ ಕೆಲಸ ಉಳಿದಿತ್ತು. ರಕ್ಷಿತಾ ಅತ್ತೆಯಾಗುವವರಿಗೆ ಫೋನ್ ಮಾಡಿದಳು. ಆ ಫ್ಲೆಕ್ಸಿನ ಫೋಟೋ ವಾಟ್ಸಾಪಿನಲ್ಲಿ ಅವರನ್ನು ಆಗಲೇ ಮುಟ್ಟಿತ್ತು. ಅವರ ದನಿ ಅಂಗಳಕ್ಕೆಲ್ಲ ಕೇಳುತ್ತಿತ್ತು: “ನನ್ನ ಸೊಸೆಯನ್ನು ಯಾರೋ ದಾನ ಮಾಡಿದ್ದು ಅಂತ ಊರಿಡೀ ಓದ್ಬೇಕಾ? ಅವನ ಹಾಲಿಗೆ ನೀನು ಹೋದ್ರೂ ನಾನು ಬರುವುದಿಲ್ಲ. ಬೆಂಗ್ರೆಗೆ ಪಣಂಬೂರಿನಿಂದ ರೋಡ್ ಉಂಟಲ್ಲ, ಬಸ್ ಮಾಡಿ ಬರ್ತೇವೆ.” ದೊಡ್ಡ ಹಾಲ್ ಬೇಕೆಂದು ಹಟ ಹಿಡಿದಿದ್ದ ಹೆಂಗಸು ಅದೇ ಹಟವನ್ನು ಇತ್ತ ತಿರುಗಿಸಿದ್ದರು. ರಕ್ಷಿತಾ ಆಗ ಅತ್ತಳು.

ಮರುದಿನದಿಂದ ನಾವಿಬ್ಬರೂ ಉಳಿದ ಹದಿನಾಲ್ಕು ಜನರ ಬಾಗಿಲಿಗೆ ಹೋದೆವು. ಮೊದಲ ಕಾಗದ ತಪ್ಪು, ಅದನ್ನು ವಾಪಸ್ ಕೊಡಿ, ಇದನ್ನು ಓದಿ ಎಂದು ಹೇಳುವುದು. ಹೇಳುವವಳು ನಾನು, ಅದು ರಕ್ಷಿತಾ ಹಾಕಿದ ಷರತ್ತು. ಸೀರೆ ಅಂಗಡಿಯವರೊಬ್ಬರು ಗಿರಾಕಿಗಳ ಎದುರೇ ಏರಿಹೋದರು: “ಧರ್ಮಕ್ಕೆ ಕೊಡುವವನಿಗೂ ರೂಲ್ಸಾ? ಅಹಂಕಾರ ನೋಡಿ ಇವರದ್ದು!” ನನಗೆ ರೇಗಿತು. ಧರ್ಮಕ್ಕೆ ಎಂದಿದ್ದಕ್ಕೇ ಬೇಡವೆನ್ನಲು ಬಂದದ್ದು, ಅಹಂಕಾರ ಎನ್ನುವುದಾದರೆ ಹಾಗೆಯೇ ಇರಲಿ ಎಂದು ಹೇಳಿ ಹೊರಬಂದೆ. ಒಟ್ಟು ಆರು ಜನ ಹಿಂದೆ ಸರಿದರು. ಅವರಲ್ಲಿ ಇಬ್ಬರು ನನ್ನ ಹಳೆಯ ಪರಿಚಯದವರು, ಇವತ್ತಿಗೂ ದಾರಿಯಲ್ಲಿ ಕಂಡರೆ ಮುಖ ತಿರುಗಿಸುತ್ತಾರೆ.

ಐಸ್ ಪ್ಲಾಂಟಿನ ಹಮೀದ್ ಅವರದು ಬೇರೆಯೇ ಕಥೆ. ಎರಡನೆಯ ಕಾಗದವನ್ನು ಮೂರು ಸಲ ಓದಿದರು. ಆಮೇಲೆ ಕೇಳಿದರು: “ಜ್ಯೂಸ್ ಕೌಂಟರಿನ ಬೋರ್ಡ್ ಎಷ್ಟು ಅಡಿ? ಈ ರೇಟ್ ಜಾಸ್ತಿ ಆಯಿತು ಮೇಡಂ. ಹಾಲ್‌ನಲ್ಲಿ ಆದ್ರೆ ಸರಿ, ಮೈದಾನಕ್ಕೆ ಇಷ್ಟು ಕೊಡ್ಲಿಕ್ಕೆ ಆಗುವುದಿಲ್ಲ.”

ನಾನು ಪೆಚ್ಚಾದೆ. ರಕ್ಷಿತಾಳ ಮುಖ ಅರಳಿತು. ಕುರ್ಚಿಯ ತುದಿಗೆ ಸರಿದು ಕುಳಿತಳು. “ಸಾಹೇಬ್ರೆ, ಮೈದಾನಕ್ಕೆ ಬರುವವರೆಲ್ಲ ಬೋಟಿನವರು. ನಿಮ್ಮ ಐಸ್ ತಗೊಳ್ಳುವವರು ಅವರೇ ಅಲ್ವಾ? ಹಾಲ್‌ಗೆ ಬರುವ ಅಪಾರ್ಟ್‌ಮೆಂಟಿನವರು ನಿಮ್ಮ ಐಸ್ ಎಂತ ಮಾಡ್ತಾರೆ?” ಅವರು ಇಳಿಸಿ ಕೇಳಿದರು, ಇವಳು ಏರಿಸಿ ಹೇಳಿದಳು. ಅರ್ಧ ಗಂಟೆ ನಡೆಯಿತು ಚೌಕಾಸಿ. ಕೊನೆಗೆ ಹೇಳಿದ ಬೆಲೆಗಿಂತ ಸ್ವಲ್ಪ ಕಡಿಮೆಗೆ, ಜತೆಗೆ ಇಡೀ ದಿನದ ಐಸ್ ಉಚಿತ ಎಂಬಲ್ಲಿಗೆ ನಿಂತಿತು. ಹೊರಗೆ ಬಂದ ಮೇಲೆ ರಕ್ಷಿತಾ ರಸ್ತೆಯಲ್ಲೇ ನನ್ನ ಕೈ ಹಿಡಿದು ಕುಣಿದಳು. “ಚರ್ಚೆ ಮಾಡಿದ್ರು ನೋಡಿದ್ರಾ ಅಕ್ಕ? ಬಿಲ್ಡರ್ ಒಂದು ರೂಪಾಯಿ ಚರ್ಚೆ ಮಾಡಿರಲಿಲ್ಲ.” ಆ ವ್ಯತ್ಯಾಸ ಇಪ್ಪತ್ತಾರು ವರ್ಷದ ಅನುಭವಸ್ಥೆಯಾದ ನನಗೆ ಹೊಳೆದಿರಲಿಲ್ಲ. ಭಿಕ್ಷೆ ಹಾಕುವವರು ಚೌಕಾಸಿ ಮಾಡುವುದಿಲ್ಲ. ಎದುರಿನವರ ಕೈಯಲ್ಲಿ ಬೆಲೆಬಾಳುವುದು ಏನೋ ಇದೆ ಎಂದು ಒಪ್ಪಿಕೊಂಡವರು ಮಾತ್ರ ಮಾಡುತ್ತಾರೆ.

ಅಂತೂ ಎಂಟು ಜನ ಉಳಿದರು. ಎಂಜಿನ್ ಆಯಿಲ್ ಡೀಲರ್ ಫೆರಿಯ ಬದಿ ಹಿಡಿದರು. ಬಲೆ ಅಂಗಡಿಯವರು ಪ್ರವೇಶದ ಕಮಾನು ತೆಗೆದುಕೊಂಡರು. ಶಾಮಿಯಾನ, ಅಡುಗೆಯವರು, ಫೋಟೋದವರು ಇನ್ ಕೈಂಡ್. ಹಾಸಿಗೆ ಅಂಗಡಿಯವನೊಬ್ಬ ಮದುಮಕ್ಕಳ ಕೋಣೆಯ ಬಾಗಿಲಿಗೆ ಬೋರ್ಡ್ ಹಾಕಬಹುದೇ ಎಂದು ಕೇಳಿ ನನ್ನಿಂದ ಚೆನ್ನಾಗಿ ಉಗಿಸಿಕೊಂಡ, ಆಮೇಲೆ ಪಾರ್ಕಿಂಗಿನಲ್ಲಿ ತೃಪ್ತಿಪಟ್ಟ. ಆದರೂ ಲೆಕ್ಕ ಕೂಡಿಬರಲಿಲ್ಲ. ಕರೆಯುವವರನ್ನು ಏಳುನೂರಕ್ಕೆ ಇಳಿಸಿದರು. ಮದರಂಗಿಯ ಡಿಜೆ ಬಿಟ್ಟರು. ಹೂವಿನ ಅಲಂಕಾರವನ್ನು ಬೆಂಗ್ರೆಯ ಹೆಂಗಸರು ತಾವೇ ವಹಿಸಿಕೊಂಡರು. ಬೋಟಿನ ಪಾಲು ಮಾರಾಟವಾಗಲಿಲ್ಲ.

ಮದುವೆಯ ದಿನ ನಾನು ಬೆಳಿಗ್ಗೆ ಏಳಕ್ಕೇ ಅಲ್ಲಿದ್ದೆ. ಒಣಹಾಕಿದ್ದ ಬಲೆಗಳನ್ನು ಸರಿಸಿ ಮೈದಾನ ಗುಡಿಸಿದ್ದರು. ಆಯಿಲ್ ಬ್ಯಾನರ್ ಕಟ್ಟಿಕೊಂಡ ಫೆರಿ ನಗರದ ಕಡೆಯಿಂದ ಜನರನ್ನು ತಂದು ತಂದು ಇಳಿಸುತ್ತಿತ್ತು. ಸುರತ್ಕಲ್‌ನಿಂದ ಎರಡು ಬಸ್ಸು ಬಂದವು. ಮಂಟಪದಲ್ಲಿ ಬಾಳೆಕಂಬ, ಮಾವಿನ ಎಲೆ, ಮಲ್ಲಿಗೆ ಬಿಟ್ಟರೆ ಒಂದಕ್ಷರವೂ ಇರಲಿಲ್ಲ. ಧಾರೆಯ ಹೊತ್ತು. ವಾಮನಣ್ಣ ಹೆಂಡತಿಯೊಡನೆ ನಿಂತು ಮಗಳ ಕೈ ಮೇಲೆ ನೀರೆರೆದರು. ಬಿಳಿ ಅಂಗಿ, ಬಿಳಿ ಪಂಚೆ, ನೆಟ್ಟಗಿದ್ದ ಬೆನ್ನು. ಆ ತಾಳಿಯನ್ನು ಯಾರ ಕೈಯಿಂದಲೂ ಅವರು ತೆಗೆದುಕೊಂಡಿರಲಿಲ್ಲ. ನಾನು ಮದುವೆಗಳಲ್ಲಿ ಅಳುವವಳಲ್ಲ, ಅಂದು ಅತ್ತೆ.

ಊಟದ ಹೊತ್ತಿಗೆ ಕಾಮತರು ಬಂದಿಳಿದರು. ಕರೆಯೋಲೆ ಇತ್ತು ಎಂದು ನನ್ನ ಮುಖ ನೋಡದೆ ಹೇಳಿ, ನನ್ನ ಪಕ್ಕದ ಎಲೆಗೇ ಕುಳಿತರು. ಸ್ಪಾನ್ಸರ್‌ಗಳಿಗೆ ಬೇರೆ ಪಂಕ್ತಿ ಇರಲಿಲ್ಲ. ಹಮೀದ್ ಅವರಿಗೂ ಹಾಸಿಗೆ ಅಂಗಡಿಯವನಿಗೂ ಬೋಟಿನ ಹುಡುಗರಿಗೂ ವಾಮನಣ್ಣ ಒಂದೇ ಸೌಟಿನಿಂದ ಪಾಯಸ ಬಡಿಸುತ್ತ ಬಂದರು. ಬಿಲ್ಡರ್ ಬರಲಿಲ್ಲ. ಆಮೇಲೆ ಧಾರೆಸೀರೆ ಉಟ್ಟ ಮದುಮಗಳೇ ಮೈಕು ಹಿಡಿದು ಎಂಟು ಹೆಸರುಗಳನ್ನು ಫೈನಲ್ ಪಂದ್ಯದ ದನಿಯಲ್ಲಿ ಕೂಗಿದಳು. ಪ್ರತಿ ಹೆಸರಿಗೂ ಮೈದಾನವಿಡೀ ಚಪ್ಪಾಳೆ, ಶಿಳ್ಳೆ. ಕೊನೆಗೆ ತುಳುವಿನಲ್ಲಿ, ಇವರೆಲ್ಲ ನಮ್ಮಲ್ಲಿ ಜಾಗ ಕೊಂಡವರು, ಕೊಟ್ಟ ದುಡ್ಡಿಗೆ ಬೆಲೆ ಬಂತೋ ಇಲ್ಲವೋ ಅವರನ್ನೇ ಕೇಳಿ ಎಂದಳು. ಹಮೀದ್ ಅವರು ಪಾಯಸದ ಲೋಟ ಎತ್ತಿ, ಬಂತು ಬಂತು ಎಂದು ಕೂಗಿದರು. ನಾಲ್ಕನೇ ದಿನ ವಾಮನಣ್ಣ ತಮ್ಮ ಪಾಲಿದ್ದ ಬೋಟಿನಲ್ಲೇ ಕಡಲಿಗೆ ಹೋದರು.

ರಜೆ ಮುಗಿಸಿ ಬಂದ ದಿನ ನಾನು ಕಂಪ್ಯೂಟರಿನಲ್ಲಿ ಮನವಿಗಳ ಕಡತ ತೆರೆ‌ದೆ. ವರ್ಷಗಟ್ಟಲೆ ಬರೆದದ್ದು. ಬಡ ಕಲಾವಿದ, ನಿರ್ಗತಿಕ ತಾಯಿ, ದಿಕ್ಕಿಲ್ಲದ ಕುಟುಂಬ. ಇವರಲ್ಲಿ ಯಾರಿಗೂ ನಾನು ಕಾಗದ ತೋರಿಸಿರಲಿಲ್ಲ. ಅವರಿಗೆ ದುಡ್ಡು ಸಿಕ್ಕಿತ್ತು, ನಿಜ. ಆದರೆ ತಮ್ಮ ಹೆಸರಿನ ಹಿಂದೆ ಊರೆಲ್ಲ ಏನನ್ನು ಓದಿತು ಎಂಬುದು ಅವರಿಗೆ ಗೊತ್ತಿರಲಿಲ್ಲ, ಗೊತ್ತಾಗಿದ್ದರೂ ಯಾರೂ ವಾಮನಣ್ಣನಂತೆ ನನ್ನ ಮೇಜಿನವರೆಗೆ ಬರುವ ಸ್ಥಿತಿಯಲ್ಲಿರಲಿಲ್ಲ. ಆ ಮಾದರಿಯನ್ನು ಅಳಿಸಿಹಾಕಿದೆ. ಯಾರ ಬಗ್ಗೆ ಬರೆಯುತ್ತೇವೋ ಅವರ ಎದುರು ಕುಳಿತು ಗಟ್ಟಿಯಾಗಿ ಓದಿ, ಅವರು ಹೂಂ ಎಂದ ಮೇಲೆಯೇ ಕಾಗದ ಹೊರಹೋಗಬೇಕು ಎಂಬ ನಿಯಮ ಮಾಡಿಕೊಂಡೆ. ಈ ಕಸುಬು ನನಗೆ ಕಲಿಸಿದ್ದು ಇದೊಂದೇ, ಅದೂ ಮುಗಿಯುವ ಕಾಲಕ್ಕೆ. ಬೇರೆಯವರ ಕಷ್ಟವನ್ನು ಬರೆಯುವ ಯಾರೇ ಆಗಲಿ, ಹೀಗೊಮ್ಮೆ ಓದಿ ನೋಡಲಿ.

ನಿವೃತ್ತಿಯ ಮುಂಚೆ ನಾನು ಬರೆದ ಕೊನೆಯ ಮನವಿ ಒಬ್ಬ ಲಾರಿ ಚಾಲಕನದು. ಅಪಘಾತದಲ್ಲಿ ಬೆನ್ನುಮೂಳೆ ಮುರಿದಿತ್ತು, ಎರಡು ಆಪರೇಷನ್ ಆಗಬೇಕಿತ್ತು. ಆಸ್ಪತ್ರೆಯ ಮಂಚದ ಪಕ್ಕ ಕುಳಿತು ಓದಿದೆ. ‘ಚಾಲಕರಾದ’ ಎಂಬಲ್ಲಿ ಆತ ಕೈಯೆತ್ತಿ ನಿಲ್ಲಿಸಿದ.

“ಮೇಡಂ, ಬರೀ ಚಾಲಕ ಅಲ್ಲ. ನನಗೆ ಹೆವಿ ಲೈಸೆನ್ಸ್ ಉಂಟು. ಹತ್ತೊಂಬತ್ತು ವರ್ಷ ಶಿರಾಡಿ ಘಾಟಿ ಓಡಿಸಿದ್ದೇನೆ. ಅದನ್ನು ಹಾಕಿ.”

ಕಚೇರಿಗೆ ಬಂದಾಗ ಕಾಮತರು ಕಾಗದ ನೋಡಿ, ಎದ್ದು ನಡೆಯಲಾಗದವನ ಮನವಿಯಲ್ಲಿ ಲೈಸೆನ್ಸಿನ ಮಾತು ಯಾಕೆ, ಅದರಿಂದ ಎಂತ ಪ್ರಯೋಜನ ಎಂದು ಕೇಳಿದರು.

ಪ್ರಯೋಜನ ಅವನಿಗೆ ಎಂದೆ. ಕಾಗದ ಹಾಗೆಯೇ ಹೋಯಿತು.